ಗಾಲಿಪ್ ಮರ ನೆಟ್ಟವರ ಹೆಸರು

ಮೊರೊಬೆ ಕಡಲತಡಿಯ ಮಹಾಜನರೇ, ಎದುರುಪಕ್ಷದ ಎದೆಗಾರರೇ, ಅಡಿಕೆ ಜಗಿಯುತ್ತ ಬಾಗಿಲಲ್ಲಿ ನಿಂತ ಬಂಧುಬಳಗವೇ, ಈ ಸೊಸೆಯ ಸಾಹಸವನ್ನು ಸಾವಧಾನವಾಗಿ ಕೇಳಿ.

ಮಾವ, ಮಣ್ಣಿನಡಿಯಿಂದ ನೀವೂ ಕೇಳಿ. ಇವತ್ತು ಪಟ್ಟಣದ ಭೂ ನ್ಯಾಯಾಲಯದಲ್ಲಿ, ಬಾದಾಮಿಯಂಥ ಕಾಯಿ ಬಿಡುವ ನಮ್ಮ ಗಾಲಿಪ್ ಮರಗಳ ತೋಪಿನ ತೀರ್ಪಾಯಿತು. ಮರ ನೆಟ್ಟವರ ವಂಶವನ್ನು ಬಾಯಿಂದ ಹೇಳಿದವರಿಗೆ ನೆಲ. ನಿಮ್ಮ ಮಗ ನಿಮಗಿಂತ ಮೊದಲೇ ಸಮುದ್ರದ ಪಾಲಾದ ಮೇಲೆ, ಅದನ್ನು ಹೇಳಲು ಮನೆಯಲ್ಲಿ ಉಳಿದವಳು ನಾನೊಬ್ಬಳೇ. ನಿಮ್ಮ ಮುತ್ತಜ್ಜನಿಂದ ನಿಮ್ಮಪ್ಪನವರೆಗೆ ಮಗ್ಗಿಯಂತೆ ಒಪ್ಪಿಸಿದೆ. ಮುಂದಿನದು ನಿಮ್ಮ ಹೆಸರು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರುವಂತಿಲ್ಲ, ಮಾವ ಸತ್ತ ಮೇಲೂ.

"ಮರ ನೆಟ್ಟವರು ಯಾರಮ್ಮ?" ಎಂದರು ಪಟ್ಟಣದಲ್ಲೇ ಬೆಳೆದ ನ್ಯಾಯಾಧೀಶರು.

"ನಮ್ಮ ಯಜಮಾನರ ಅಪ್ಪ."

"ಅದು ಸರಿ, ಹೆಸರು ಹೇಳಿ."

ತನ್ನ ಅಜ್ಜನೇ ನೆಟ್ಟದ್ದೆಂದು ದಾವೆ ಹೂಡಿದ ನಿಮ್ಮ ದಾಯಾದಿಯ ಮಗ ಗೆಡಿಸಾ ಈ ಕಟ್ಟಳೆಯನ್ನು ಚೆನ್ನಾಗಿ ಬಲ್ಲವನು. "ಹೇಳಿ ಅತ್ತಿಗೆ, ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಕೊಂಡ್ರಾ?" ಎಂದು ನಕ್ಕ.

"ನಮ್ಮ ಯಜಮಾನರ ಅಪ್ಪ" ಎಂದೇ ನಾನು ಮತ್ತೆ ಹೇಳಿದೆ. ನ್ಯಾಯಾಧೀಶರು ಸಾಕ್ಷಿಗೆ ಏನೂ ತಿಳಿದಿಲ್ಲ ಎಂದು ಬರೆಸಿ, ತೋಪನ್ನು ಅವನಿಗೆ ಕೊಟ್ಟರು. ನೆಲ ಹೋದರೂ ನೇಮ ಉಳಿಯಿತು, ಮರ ಹೋದರೂ ಮರ್ಯಾದೆ ಉಳಿಯಿತು ಎಂದು ದಾರಿಯುದ್ದಕ್ಕೂ ಪ್ರಾಸ ಕಟ್ಟುತ್ತ ಮನೆಗೆ ಬಂದೆ.

ಸುಳ್ಳು, ಮಾವ. ತೀರ್ಪು ಮುಗಿದು ಎಲ್ಲರೂ ಏಳುತ್ತಿದ್ದಾಗ ನಿಮ್ಮ ಹೆಸರನ್ನು ಕೂಗಿ ಹೇಳಿಬಿಟ್ಟೆ. ಅದು ಕಿವಿಗೆ ಬಿದ್ದದ್ದೇ ಗೆಡಿಸಾ ಕೂಡ ತಲೆ ತಗ್ಗಿಸಿದ. ನ್ಯಾಯಾಧೀಶರು ಆಗಲೇ ಬಾಗಿಲು ದಾಟಿಬಿಟ್ಟಿದ್ದರು.