ಅಂಗಳದಲ್ಲಿ ಬಿಚ್ಚಿದ ಬ್ರೇಕು

ಸವಣೂರು
12-11-2024

ಚಿ. ಸೌ. ತನುಜಾಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನೂ ನಿನ್ನ ಹೊಟ್ಟೆಯೊಳಗಿನ ಯಜಮಾನರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತೆಂದು ಸಿಟ್ಟಾಗಬೇಡ, ಎಂಟು ದಿನದಿಂದ ಕೈತುಂಬ ಗ್ರೀಸು. ಫೋನು ಮಾಡೋಣವೆಂದರೆ ಅದು ನಿಮ್ಮವ್ವನ ಕೈಯಲ್ಲೇ ಇರುತ್ತದೆ.

ಬರುವ ಸೋಮವಾರ ಹಿರೇಕೆರೂರಿಗೆ ಬಂದು ನಿನ್ನನ್ನು ಬಾಣಂತನಕ್ಕೆ ಕರೆತರಬೇಕು. ಅಳಿಯಂದಿರು ಕಾರು ಮಾಡಿ ಕಳಿಸುತ್ತೇನೆಂದರು. ಚೊಚ್ಚಲ ಬಸುರಿ ತವರಿನ ಗಾಡಿಯಲ್ಲೇ ಬರಬೇಕೆಂದು ಹಠ ಹಿಡಿದವನು ನಾನು. ಆದರೆ ಹೋದ ವಾರ ಪಿಕಪ್ಪಿನಲ್ಲಿ ಶಿಗ್ಗಾಂವಿಗೆ ವೀಳ್ಯದೆಲೆ ಒಯ್ಯುವಾಗ ಬ್ರೇಕ್ ತುಳಿದರೂ ಗಾಡಿ ನಿಲ್ಲಲಿಲ್ಲ. ಎದುರಿಗೆ ಸಾಲಿ ಮಕ್ಕಳು ದಾಟುತ್ತಿದ್ದರು. ಗಟಾರಕ್ಕೆ ಇಳಿಸಿದೆ. ಎಲೆಬುಟ್ಟಿಗಳು ಉರುಳಿದವು ಅಷ್ಟೇ. ಎದೆಯೊಳಗಿನ ಅಳುಕು ಮಾತ್ರ ಇನ್ನೂ ಹೋಗಿಲ್ಲ.

ನಿನಗಿಂತ ಹಿರಿಯ ಗಾಡಿ, ಗ್ಯಾರೇಜಿನ ಹುಡುಗರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಗೆಳೆಯ ಕರೀಮಸಾಬನನ್ನು ಕರೆದು ಅಂಗಳದಲ್ಲೇ ಜಾಕ್ ಏರಿಸಿದೆ. ತುಕ್ಕು ಹಿಡಿದ ಡ್ರಮ್ಮುಗಳು ಸುತ್ತಿಗೆ ಏಟಿಗೂ ಜಪ್ಪಯ್ಯ ಅನ್ನಲಿಲ್ಲ. ಅಂತೂ ಕಿತ್ತೆವು. ಒಳಗಿನ ಹಳೇ ಬ್ರೇಕ್ ಶೂ ಕೈಯಲ್ಲಿ ಹಿಡಿದು ಕರೀಮ, "ಇವು ಸವದಿಲ್ಲ, ಇನ್ನೂ ದಪ್ಪ ಅದಾವಲ್ಲೋ, ಯಾಕ ಬಿಚ್ಚಿಸಿದಿ?" ಎಂದ.

"ನಿನಗೇನ್ ತಿಳೀತದ, ಸ್ಪ್ರಿಂಗ್ ಹಿಡಿ" ಎಂದು ಗದರಿದೆ.

ನಾಲ್ಕೂ ಗಾಲಿಗೆ ಹೊಸ ಶೂ ಹಾಕಿದೆವು. ಬ್ರೇಕ್ ಆಯಿಲ್ ಬದಲಿಸಿ ಪೈಪಿನ ಗಾಳಿ ತೆಗೆದೆವು. ಓಣಿಯಲ್ಲಿ ಕರೀಮ ಓಡಿಸಿದ, ಗಾಡಿ ಗಕ್ಕನೆ ನಿಂತಿತು. ನಾನು ಕೂತು ತುಳಿದೆ, ಓಣಿ ಕೊನೆಯ ಬೇವಿನ ಮರಕ್ಕೆ ಗೇಣು ಉಳಿಯುವವರೆಗೂ ಹೋಯಿತು. ಇನ್ನೊಮ್ಮೆ ನೋಡಿದರೂ ಅದೇ ಪಾಡು. ನಾನು ಮತ್ತೆ ಎಲ್ಲ ಬಿಚ್ಚಿದೆ.

ನಿಮ್ಮವ್ವ ಕೂಸಿಗೆ ಕೌದಿ ಹೊಲಿಯುತ್ತಾ, "ಸೋಮಾರ ತನಕಾರ ಜೋಡಸ್ತೀರೇನ್ರಿ?" ಎಂದು ನಗುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನಗೂ ಕೂಸಿಗೂ ಒಳ್ಳೆಯದು ಮಾಡಲಿ.

ನಿನ್ನ ಅಪ್ಪ,
ಫಕ್ಕೀರಪ್ಪ

ತಾ.ಕ.: ಮೇಲಿನದನ್ನು ಮನೆಯವರಿಗೆ ಓದಿ ಹೇಳು, ಇದು ನಿನಗೊಬ್ಬಳಿಗೆ. ಎರಡನೇ ಸಲ ಬಿಚ್ಚುವಾಗ ಅಂಗಳದ ಕಲ್ಲಿನ ಮೇಲೆ ರಕ್ತ ಕಂಡಿತು. "ಎಲ್ಲಿ ಕೊಯ್ಕೊಂಡ್ಯೋ?" ಎಂದು ಕರೀಮನನ್ನು ಬೈದೆ. ಅವನು, "ನಿಂದs ರಗತ ಐತಿ, ಕೆಳಗ ನೋಡ್ಕೊ" ಎಂದ. ಡ್ರಮ್ ಬಿದ್ದು ಬಲಗಾಲಿನ ಹೆಬ್ಬೆರಳು ಜಜ್ಜಿಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ನಿಮ್ಮವ್ವನ ಸೂಜಿ ಕದ್ದು ಚುಚ್ಚಿ ನೋಡಿಕೊಂಡೆ. ಮೀನಖಂಡದವರೆಗೂ ಏನೂ ತಿಳಿಯುವುದಿಲ್ಲ. ನನ್ನ ಹಳೇ ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ, ಬ್ರೇಕ್ ತುಳಿಯುವ ಕಾಲಿಗೇ. ನನಗೆ ಹೆದರಿಕೆಯಾಗಿದೆ, ಮಗಳೇ. ನನ್ನ ಹಠ ನಿನಗೆ ಗೊತ್ತು, ಸೋಮವಾರ ಬೆಳಗಾದರೆ ಬರೆದದ್ದೆಲ್ಲ ಮರೆತು ಕೀಲಿ ತಿರುವಿಬಿಡುತ್ತೇನೆ. ನಿಮ್ಮ ಬಾಗಿಲಿಗೆ ಬಂದು ಎಷ್ಟು ಹಾರ್ನ್ ಹೊಡೆದರೂ, ಎಷ್ಟು ಬೈದರೂ, ನೀನು ಗಾಡಿ ಹತ್ತಬೇಡ.