ಮೊದಲ ಮೂತ್ರಪಿಂಡ

ಗಂಗಾವತಿ,
ಡಿಸೆಂಬರ್ ೧೪, ೨೦೨೫

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಅಪ್ಪ ತಂದುಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಶೀಸೆ ದೇವರ ಗೂಡಿನಲ್ಲೇ ಕೂತಿದೆಯೋ? ನಾನು ಚೆನ್ನಾಗಿದ್ದೇನೆ. ವಾಂತಿ ನಿಂತು ಹಸಿವು ಶುರುವಾಗಿದೆ. ನಿನ್ನೆ ಸಂಜೆ ಒಂದು ತಟ್ಟೆ ಮಂಡಾಳ ಒಗ್ಗರಣಿ ಮುಗಿಸಿ, ನಿನ್ನ ಅಳಿಯನ ಪಾಲಿನ ಮಿರ್ಚಿಯನ್ನೂ ತಿಂದೆ. ಪಾಪ, ಕಲ್ಲೇಶ ಬರೀ ಚಹಾ ಕುಡಿದು ಎದ್ದರು. ಒಳಗಿರುವುದು ಈಗ ಒದೆಯುತ್ತದೆ. ನೀನು ಫೋನು ಕಡಿದ ದಿನ ಇನ್ನೂ ಜೋರಾಗಿ ಒದೆಯಿತು, ಅದಕ್ಕೂ ಸಿಟ್ಟು ಬಂದಿರಬೇಕು. ಯಾರ ಮೇಲೆ ಎಂದು ಮಾತ್ರ ಹೇಳಲಾರೆ.

ಕುಬುಸ ಬೇಡ, ಸೀಮಂತದ ಗದ್ದಲವೇ ಬೇಡ ಎಂದೆನೆಂದು ನೀನು ಅರ್ಧಕ್ಕೇ ಫೋನು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ನಡುವೆ ಕಡಿಯಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಲ್ಲೇಶ ನಾಳೆ ಯಲಬುರ್ಗಾಕ್ಕೆ ಬರುವವರಿದ್ದಾರೆ, ಬೇವೂರಿಗೂ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಅವರಿಗೆ ಚಹಾ ಕೊಟ್ಟ ಮೇಲೆ ಓದು. ಮೊದಲೇ ಓದಿದರೆ ಸಕ್ಕರೆ ಬದಲು ಉಪ್ಪು ಹಾಕಿಬಿಡುತ್ತಿ.

"ಅಷ್ಟೊತ್ತನ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತೀಯವ್ವಾ" ಎಂದು ನೀನು ಕೇಳಿದಾಗಲೆಲ್ಲ "ಹೆಸರಿಡ್ತೀನಿ" ಎಂದು ತೇಲಿಸಿದ್ದೇನೆ. ಈಗ ಸರಿಯಾಗಿ ಹೇಳುತ್ತೇನೆ. ದೇಶದೇಶದವರು ಸೇರಿ ಕಟ್ಟುತ್ತಿರುವ ದೊಡ್ಡ ನಿಘಂಟಿನಂಥದ್ದು ಅದು. ಅನಾಟಮಿ ಆಂಟಾಲಜಿ ಅನ್ನುತ್ತಾರೆ. ಮೈಯೊಳಗಿನ ಪ್ರತಿ ಭಾಗಕ್ಕೂ ಅಲ್ಲಿ ಒಂದು ಹೆಸರು, ಒಂದು ಅರ್ಥ, ಜೊತೆಗೆ ಅದರ ಬಳಗ: ಇದು ಯಾವುದರ ಒಂದು ಬಗೆ, ಯಾವುದರ ಭಾಗ, ಯಾವುದರಿಂದ ಬೆಳೆದದ್ದು ಎಂದು. ನನ್ನ ಪಾಲಿಗೆ ಬಂದಿರುವುದು ಭ್ರೂಣ. ಅಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಕೈ ಮೂಡುವ ಮುಂಚೆ ಒಂದು ಪುಟ್ಟ ಮೊಗ್ಗು ಬರುತ್ತದೆ. ಅದನ್ನು ಕೈ ಎನ್ನುವಂತಿಲ್ಲ, ಮುಂದೆ ಕೈ ಆಗುವಂಥದ್ದು ಎಂದಷ್ಟೇ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಈಗ ಅದು ಏನಾಗಿದೆಯೋ ಅದನ್ನು ಹೇಳಬೇಕು. ನಾವು ಸೀತನಿಯನ್ನು ಬಲಿಯದ ಜೋಳ ಎಂದು ಕರೆಯುತ್ತೇವೆಯೇ? ಸೀತನಿ ಸೀತನಿಯೇ. ಅಂದ ಹಾಗೆ, ಹೊಲದಲ್ಲಿ ಸೀತನಿ ಬಂದಿದ್ದರೆ ಕಲ್ಲೇಶನ ಕೈಯಲ್ಲಿ ನಾಲ್ಕು ತೆನೆ ಕಳಿಸು, ಬಾಯಿ ಕೇಳುತ್ತಿದೆ.

ಹೋದ ವಾರ ಈ ಕೆಲಸದಲ್ಲಿ ಒಂದು ತಪ್ಪು ಮಾಡಿದೆ. ಹೊಟ್ಟೆಯೊಳಗಿನ ಕೂಸಿಗೆ ಮೂತ್ರಪಿಂಡ ಒಂದೇ ಸಲಕ್ಕೆ ಬರುವುದಿಲ್ಲ, ಅವ್ವಾ. ಮೊದಲೊಂದು ಜೋಡಿ ಮೂಡಿ, ಏನೂ ಕೆಲಸ ಮಾಡದೆ ಕರಗಿ ಹೋಗುತ್ತದೆ. ಆಮೇಲೆ ಎರಡನೆಯದು ಬಂದು ಸ್ವಲ್ಪ ಕಾಲ ದುಡಿಯುತ್ತದೆ. ಜೀವಮಾನವೆಲ್ಲ ನಮ್ಮ ಜೊತೆ ಇರುವುದು ಮೂರನೆಯದು. ಉಳಿಯದ, ಕೆಲಸಕ್ಕೂ ಬಾರದ ಆ ಮೊದಲನೆಯದು ಯಾಕೆಂದು ನಾನು ಅದನ್ನು ಬಿಟ್ಟು, ಎರಡನೆಯದನ್ನೇ ಮೊದಲನೆಯದೆಂದು ಬರೆದು ಕಳಿಸಿದೆ. ನಮ್ಮ ಕೆಲಸ ತಿದ್ದುವ ಶೋಭಾರಾಣಿ ಮೇಡಂ ನಮ್ಮ ಕುಷ್ಟಗಿ ಕಡೆಯವರು. ಸಂಜೆಯೇ ಫೋನು ಬಂತು. "ಸುರೇಖಾ, ಉಳೀಲಿಲ್ಲ ಅಂದ್ರ ಇದ್ದಿದ್ದೇ ಇಲ್ಲ ಅಂತೇನ್ರಿ? ಅದು ಇತ್ತು. ಅದರ ಜಾಗಾ ಅದಕ್ಕ ಕೊಡ್ರಿ. ಎರಡನೇದನ್ನ ತಂದು ಮೊದಲನೇದು ಮಾಡಬ್ಯಾಡ್ರಿ" ಎಂದರು. ಹೂಂರಿ ಎಂದು ಫೋನು ಇಟ್ಟು ನಾನು ಅತ್ತುಬಿಟ್ಟೆ. ಪಾಪ, ಅವರಿಗೆ ನನ್ನ ಸುದ್ದಿ ಏನೂ ಗೊತ್ತಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ನನ್ನ ಮೂರು ತಿಂಗಳ ಬಸಿರು ಹೋದಾಗ ನೀನು ತಲೆ ನೇವರಿಸುತ್ತ "ಅದಿನ್ನಾ ಕೂಸ ಆಗಿದ್ದಿಲ್ಲ, ಬಿಡವ್ವಾ" ಎಂದೆ. ನನ್ನನ್ನು ಎಬ್ಬಿಸಿ ಒಂದು ತುತ್ತು ಉಣ್ಣಿಸಲೆಂದೇ ಹಾಗಂದೆ, ಗೊತ್ತು. ನಿನ್ನ ಮೇಲೆ ನನಗೆ ಖಂಡಿತ ಸಿಟ್ಟಿಲ್ಲ. ಆದರೆ ಅಂದಿನಿಂದ ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತಲಿಲ್ಲ. ಈಗ ನೋಡಿದರೆ ಎಲ್ಲರ ಬಾಯಲ್ಲೂ ಚೊಚ್ಚಲ ಬಸುರಿ, ಚೊಚ್ಚಲ ಕುಬುಸ. ಪಕ್ಕದ ಮನೆಯ ರೇಣುಕಮ್ಮ ಬಳೆಗಾರನಿಗೂ "ಚೊಚ್ಚಲ ಐತ್ರಿ, ಛಲೋ ಬಳಿ ತೋರಸ್ರಿ" ಎಂದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನೇ ಅದನ್ನು ಎಲ್ಲೋ ಮರೆತು ಬಂದೆನೇನೋ ಅನ್ನಿಸಿ ಸಂಕಟವಾಗುತ್ತದೆ. ಹಸಿರು ಸೀರೆ ಉಟ್ಟು, ಅಷ್ಟು ಜನರ ನಡುವೆ ಕೂತು ಅದನ್ನು ಕೇಳುವುದು ನನ್ನಿಂದಾಗದು. ಅದಕ್ಕೇ ಬೇಡ ಎಂದೆ. ಸೀರೆ ಆರಿಸಲು ನೀನು ಕೊಪ್ಪಳದ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ ಎಂದು ಅಪ್ಪ ಹೇಳಿದರು. ನನಗೆ ಆ ಸೀರೆ ಬೇಕು, ಅವ್ವಾ.

ಅಪ್ಪನ ಕಾಲಿಗೆ ಬಿದ್ದೆನೆಂದು ಹೇಳು. ಎಮ್ಮೆಕರುವಿಗೆ ನನ್ನ ಹೆಸರಲ್ಲಿ ಒಂದು ಹಿಡಿ ಹಸಿ ಹುಲ್ಲು ಹಾಕು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಮೊಣಕಾಲಿಗೆ ಎಣ್ಣೆಯೂ ಬೀಳಲಿ.

ನಿನ್ನ ಮಗಳು,
ಸುರೇಖಾ

ತಾ.ಕ.: ಬೆಳಗಾಯಿತು, ಕಲ್ಲೇಶ ಗಾಡಿ ಚಾಲೂ ಮಾಡಿಕೊಂಡು ಕರೆಯುತ್ತಿದ್ದಾರೆ. ಕುಬುಸಕ್ಕೆ ಬರುತ್ತೇನೆ ಅವ್ವಾ. ಉಡಿ ತುಂಬುವಾಗ ಯಾರಾದರೂ ಎಷ್ಟನೇದು ಎಂದು ಕೇಳೇ ಕೇಳುತ್ತಾರೆ. ನಾನು ಬಾಯಿ ತೆರೆದರೆ ಅಳು ಬರುತ್ತದೆ. ನೀನೇ ಹೇಳಿಬಿಡು, ಹೊಲದಾಚೆಯಿಂದ ಅಪ್ಪನನ್ನು ಕರೆಯುವ ಆ ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ: "ನಮ್ಮ ಸುರೇಖಾಗ ಇದು ಎರಡನೇದು."