ಅಂಟುವಾಳದ ನೀರಿನಲ್ಲಿ ತೊಳೆದ ಹಾಳೆ

ಗಾಳಿಮಾಸದ ಮೂವತ್ತಾರನೆಯ ದಿನ, ೨೨೧೪
ಗದಗ

ಇನ್ನೂರು ವರ್ಷ ಹಿಂದೆ ಎರಡನೇ ಇಯತ್ತೆಗೆ ಕಲಿಸುವ ಅಕ್ಕಾರಿಗೆ ಮತ್ತು ಗುರುಗಳಿಗೆ, ನಿವೃತ್ತ ಶಿಕ್ಷಕಿ ನೀಲವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ನಮ್ಮಲ್ಲಿ ದೀಪ, ಒಲೆ, ನೀರು ಎಲ್ಲ ಗಾಳಿಗಂಬಗಳನ್ನು ನಂಬಿರುವುದರಿಂದ, ಗಾಳಿ ನಿಲ್ಲುವವರೆಗೆ ಆ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಎಂಬತ್ತು ದಾಟಿದವರಿಗೆ ಒಂದೇ ಒಂದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ, ಬರೆಯುವ ಅವಕಾಶವುಂಟು. ನನ್ನ ಓರಗೆಯವರೆಲ್ಲ ಮುತ್ತಜ್ಜ ಮುತ್ತಜ್ಜಿಯರ ಕ್ಷೇಮ ವಿಚಾರಿಸಿ ಅದನ್ನು ಮುಗಿಸಿಕೊಂಡರು. ಉತ್ತರ ಬಾರದು ಎಂದು ಗೊತ್ತಿದ್ದೂ ಬರೆದರು, ಪಾಪ. ನಾನು ನಿಮಗೆ ಬರೆಯುತ್ತಿದ್ದೇನೆ. ಕೈಯಾರೆ ತೊಳೆದು ಹಾಕಿದ ಒಂದು ಹಾಳೆ ನಲವತ್ತು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಅಂಥ ಹಾಳೆ ಇವತ್ತು ನಿಮ್ಮ ಮೇಜಿನ ಮೇಲೂ ಇರುತ್ತದೆ.

ನಮ್ಮ ಕಾಲದ ಬೇರೆ ಶಾಲೆಗಳಲ್ಲಿ ಮಕ್ಕಳು ನಯಪಟ್ಟಿಯ ಮೇಲೆ ಬರೆಯುತ್ತಾರೆ. ಮಗು ಸೊಟ್ಟಗೆ ಬರೆದ ವಾಕ್ಯವನ್ನು ಆ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ನೆಟ್ಟಗೆ ಮಾಡಿಬಿಡುತ್ತದೆ. ತನ್ನ ವಾಕ್ಯ ಸೊಟ್ಟಗಿತ್ತು ಎಂಬುದೇ ಮಗುವಿಗೆ ತಿಳಿಯುವುದಿಲ್ಲ. ನಮ್ಮದು ಹಟಮಾರಿ ಶಾಲೆ. ಹಾಳೆ, ಸೀಸದಕಡ್ಡಿ, ಗಾಳಿಗೆ ಹಾರದಂತೆ ಹಾಳೆಯ ತುದಿಗೊತ್ತಿದ ಮೊಳಕೈ. ನೀವು ಮಕ್ಕಳಿಗೆ ಹಣ್ಣಿನ ವಾಸನೆಯ ರಬ್ಬರು ಕೊಡುತ್ತಿದ್ದಿರಂತೆ. ಅದು ಕಳೆದರೆ ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿ ಹಾಳೆಗೆ ತೂತು ಬೀಳಿಸುತ್ತಿದ್ದರಂತೆ. ನಮ್ಮ ಮುತ್ತಜ್ಜಿ ತನ್ನ ಅಜ್ಜಿಯಿಂದ ಕೇಳಿ ಹೇಳುತ್ತಿದ್ದ ಮಾತು ಇದು. ನನಗೆ ಆ ವಾಸನೆ ಒಂದು ಸಲವಾದರೂ ನೋಡಬೇಕೆಂಬ ಆಸೆ ಇನ್ನೂ ಇದೆ.

ನಮ್ಮಲ್ಲಿ ಅಳಿಸುವುದು ನಿಷಿದ್ಧ. ಬೇಡವಾದದ್ದಕ್ಕೆ ಒಂದೇ ಗೀಟು ಹೊಡೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು. ಮೊದಲು ಬರೆದದ್ದಕ್ಕೆ ಹಸಿಬರಹ ಎಂದು ಹೆಸರು. ಅದನ್ನು ಮಗು ತನ್ನ ಜೋಡಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಜೋಡಿಯಾದವರು ಸರಿ ತಪ್ಪು ಹೇಳುವಂತಿಲ್ಲ, ಒಂದೇ ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಹಾಳೆಯ ಅಂಚು, ತಲೆ, ಬುಡವೆಲ್ಲ ಹೊಸ ಸಾಲುಗಳಿಂದ ತುಂಬುತ್ತಿತ್ತು. ಮೊದಮೊದಲು ಯಾರೂ ಬಗ್ಗುತ್ತಿರಲಿಲ್ಲ. ಎಲ್ಲಾ ಬರೋಬ್ಬರಿ ಐತ್ರಿ ಎಂದು ಹಾಳೆಯನ್ನು ಎದೆಗವಚಿ ಕೂರುತ್ತಿದ್ದರು. ಏಳು ವರ್ಷದ ಜೀವಕ್ಕೆ ತಾನು ಬರೆದದ್ದರ ಮೇಲೆ ತಾನೇ ಗೀಟು ಹೊಡೆಯುವುದು ಸಣ್ಣ ಕೆಲಸವಲ್ಲ. ಆಮೇಲೆ ಒಂದು ದಿನ ಯಾರೋ ಒಬ್ಬರು, ನಾನು ಹೇಳದೆಯೇ, ತಮ್ಮ ಸಾಲನ್ನು ಎರಡು ಸಲ ಓದಿ, ಮೂಗು ಮುರಿದು, ಮತ್ತೆ ಬರೆಯಲು ಶುರು ಮಾಡುತ್ತಿದ್ದರು. ಆ ದಿನ ನನಗೆ ಮನೆಗೆ ಹೋಗಿ ಊಟವೂ ಬೇಕಾಗುತ್ತಿರಲಿಲ್ಲ. ಅಷ್ಟು ಖುಷಿ.

ನಲವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಫಕೀರವ್ವ ಎಂಬ ಹುಡುಗಿ ಇದ್ದಳು. ತಾಯಿ ಗಾಳಿಗಂಬದ ರೆಕ್ಕೆ ರಿಪೇರಿ ಮಾಡುವವಳು. ನಮ್ಮ ಮನೆಯ ಮುಂಜಾನೆ ಎಂದು ಬರೆಯಲು ಹೇಳಿದಾಗ ಫಕೀರವ್ವ ಮೂರೇ ಸಾಲು ಬರೆದಳು: ಅವ್ವ ಏಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನಾನು ತಿನ್ನುತ್ತೇನೆ. ಅವಳ ಜೋಡಿ ಮೆಹಬೂಬಿ ಕೇಳಿದ ಪ್ರಶ್ನೆ, ರೊಟ್ಟಿ ಬಡಿಯುವಾಗ ನಿಮ್ಮವ್ವ ಏನಂತಾಳ ಎಂದು. ಫಕೀರವ್ವ ಹಾಳೆಯನ್ನು ತಿರುಗಿಸಿ ಅಂಚಿನಲ್ಲಿ ನಾಲ್ಕು ಸಾಲು ಬರೆದು ಓದಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಾನು ಹೋಗಿ ನೋಡಿದೆ. ರೊಟ್ಟಿಯ ವಿಷಯ ಎಲ್ಲೋ ಹೋಯಿತಲ್ಲ, ಇಷ್ಟೆಲ್ಲ ಬೇಕಾ ಯೋಚನೆ ಮಾಡು ಎಂದೆ. ನಾನು ಅಕ್ಕಾರಲ್ಲವೇ, ಯೋಚನೆ ಮಾಡು ಎಂದರೆ ತೆಗೆದು ಹಾಕು ಎಂದೇ ಮಕ್ಕಳಿಗೆ ಕೇಳಿಸುತ್ತದೆ. ಅವಳು ನಾಲ್ಕು ಸಾಲಿಗೂ ಅಚ್ಚುಕಟ್ಟಾಗಿ ಗೀಟು ಹೊಡೆದಳು. ಬದಲಿಗೆ ಹಿಟ್ಟಿನ ಬಿಸಿ, ಬಡಿಯುವ ಸಪ್ಪಳ, ಒಲೆಯ ಬೆಳಕು ಎಲ್ಲ ಸೇರಿಸಿ ಚೊಕ್ಕ ಪ್ರತಿ ಮಾಡಿದಳು. ಬಹಳ ಚೆನ್ನಾಗಿತ್ತು. ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ ಮೆರೆದೆ.

ನಮ್ಮಲ್ಲಿ ಹಾಳೆಗೆ ಬರ. ವರ್ಷದ ಕೊನೆಗೆ ಹಾಳೆ ತೊಳೆಯುವ ದಿನ ಎಂದು ಬರುತ್ತದೆ. ಹಸಿಬರಹಗಳನ್ನೆಲ್ಲ ಅಂಟುವಾಳದ ನೀರಿನ ತೊಟ್ಟಿಗೆ ಹಾಕಿ, ಸೀಸದ ಕಪ್ಪು ಬಿಡಿಸಿ, ಹಗ್ಗಕ್ಕೆ ಒಣಹಾಕುತ್ತೇವೆ. ಮಕ್ಕಳಿಗೆ ಅವತ್ತು ಹಬ್ಬ, ಲಂಗ ಚಡ್ಡಿ ಎಲ್ಲ ಒದ್ದೆ. ಫಕೀರವ್ವ ಅವತ್ತು ಬಂದಿರಲಿಲ್ಲ, ತಾಯಿಗೆ ಜ್ವರವಿತ್ತು. ಅವಳ ಹಾಳೆಯನ್ನು ನಾನೇ ತೊಳೆದೆ.

ಆ ಜ್ವರದಲ್ಲೇ ತಾಯಿ ತೀರಿಕೊಂಡಳು. ಹದಿನೈದು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು. ಗೋಡೆಯ ಮೇಲಿದ್ದ ಚೊಕ್ಕ ಪ್ರತಿಯನ್ನು ಬಿಡಿಸಿ ಅವಳ ಕೈಗೆ ಕೊಟ್ಟೆ, ಇಟ್ಟುಕೋ ಮಗಳೇ ಎಂದೆ. ಅವಳು ಅದನ್ನು ಪೂರ್ತಿ ಓದಿ ವಾಪಸು ಚಾಚಿದಳು.

“ಇದಲ್ರಿ ಅಕ್ಕಾರ. ಗೀಟು ಹೊಡದಿದ್ನೆಲ್ರಿ, ಆ ಹಾಳಿ ಬೇಕು. ಅದರಾಗ ನಮ್ಮವ್ವ ಮಾತಾಡ್ತಿದ್ಲು.”

ನಾನು ತೊಳೆದು ಒಣಗಿಸಿ ಮೂಲೆಯಲ್ಲಿ ಒಟ್ಟಿದ್ದ ಬಿಳಿ ಹಾಳೆಗಳ ಕಡೆ ನೋಡಿದೆ. ಅವಳೂ ನೋಡಿದಳು. ಇರಲಿ ಬಿಡ್ರಿ, ನಿಮಗೇನು ಗೊತ್ತಿತ್ತು ಎಂದು ಆ ಕೂಸೇ ನನ್ನನ್ನು ಸಮಾಧಾನ ಮಾಡಿತು. ಅವಳು ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆದ್ದರಿಂದ ಕೇಳುತ್ತಿದ್ದೇನೆ. ಮಕ್ಕಳಿಗೆ ತಿದ್ದಲು ಕಲಿಸಿ, ಖಂಡಿತ ಕಲಿಸಿ. ನಾನು ಮಾಡಿದ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಚೊಕ್ಕ ಪ್ರತಿ ಬೇಕಾದರೆ ನೀವೇ ಇಟ್ಟುಕೊಳ್ಳಿ. ಹಸಿಬರಹವನ್ನು ಮಗುವಿನ ಕೈಗೇ ಕೊಟ್ಟು ಮನೆಗೆ ಕಳಿಸಿ. ನಿಮ್ಮಲ್ಲಿ ಹಾಳೆಗೆ ಬರವಿಲ್ಲವಂತಲ್ಲ. ಮತ್ತೆ, ಬೇಡ ಎನ್ನುವ ಮೊದಲು ಕೂತು ಓದಿ.

ಫಕೀರವ್ವನಿಗೆ ಈಗ ನಲವತ್ತೇಳು. ಹೋದ ವಾರ ನನ್ನ ಮನೆಗೆ ಬಂದಿದ್ದಳು. ಅವ್ವನ ಮುಖ ನೆನಪಿದೆ, ಮಾತು ಮರೆತುಹೋಗಿದೆ ಎಂದಳು. ಮೆಹಬೂಬಿಯನ್ನು ಹುಡುಕಿಕೊಂಡು ಹೋಗಿ ಕೇಳಿದಳಂತೆ. ಅವಳಿಗೆ ನಕ್ಕಿದ್ದು ನೆನಪಿದೆ, ಯಾವುದಕ್ಕೆ ಎಂಬುದು ಇಲ್ಲ. ಆಮೇಲೆ ಫಕೀರವ್ವ ನನ್ನ ಕೈ ಹಿಡಿದುಕೊಂಡು, ಆ ನಾಲ್ಕು ಸಾಲು ನೀವೂ ಓದಿದ್ದಿರಲ್ಲ ಅಕ್ಕಾರ, ಏನಿತ್ತು ಹೇಳ್ರಿ ಎಂದು ಕೇಳಿದಳು.

ಓದಿದ್ದೆ. ಬೇಡ ಎಂದು ಹೇಳಲು ಎಷ್ಟು ಬೇಕೋ ಅಷ್ಟು ಮಾತ್ರ ಓದಿದ್ದೆ.